ಹೊಗೆಯುಗುಳುವ ಯೆಜ್ಡಿಯೂ ಒಂದು ರಬ್ಬರ್ ಬಳೆಯೂ

ತಾಳವಾಡಿಯ ಸಮೀಪದ ಹಳ್ಳಿಯೊಂದರಿಂದ ಸೋದರಿಯೊಬ್ಬರು ನಮಗೆ ದೀರ್ಘವಾದ ಪತ್ರವನ್ನು ಬರೆದಿದ್ದಾರೆ. ಅವರ ಮಾವನವರು 1984ರಲ್ಲಿ ಕೊಂಡ ಯೆಜ್ಡಿ ರೋಡ್‌ಕಿಂಗ್ ಗಾಡಿಯು ಅವರ ಮನೆಯಲ್ಲಿದೆ. ಡೈರಿಗೆ ಹಾಲಿನ ಕ್ಯಾನುಗಳನ್ನೂ, ಮಣ್ಣಿನ ದಾರಿಯಲ್ಲಿ ಬಾಳೆಯ ತೋಟಕ್ಕೆ ಗೊಬ್ಬರದ ಮೂಟೆಯನ್ನೂ, ಜ್ವರ ಬಂದ ಮಕ್ಕಳನ್ನು ಆಸ್ಪತ್ರೆಗೂ ಇದೇ ಗಾಡಿ ಹೊತ್ತಿದೆಯಂತೆ. ಕಳೆದ ಆರು ತಿಂಗಳಿಂದ ಅದು ಬೀದಿಯೇ ಕಾಣದಷ್ಟು ಬಿಳಿಯ ಹೊಗೆಯನ್ನು ಉಗುಳುತ್ತಿದೆ. ಕಾರ್ಖಾನೆಯೊಂದಕ್ಕೆ ಒಯ್ದಾಗ, "ಎಂಜಿನ್ ಮುಗಿಯಿತು, ಬೋರು ಮಾಡಿಸಿ ಪಿಸ್ಟನ್ ಬದಲಾಯಿಸಬೇಕು" ಎಂದು ದೊಡ್ಡ ಮೊತ್ತವನ್ನು ಹೇಳಿದರು. ಈ ನಡುವೆ ಗುಜರಿಯವನು ಎರಡು ಬಾರಿ ಬಂದು ಹೋಗಿದ್ದಾನೆ. ಮೈದುನನವರು ಮಾರೋಣವೆನ್ನುತ್ತಾರೆ, ಐ.ಟಿ.ಐ.ಯಲ್ಲಿ ಓದುತ್ತಿರುವ ಮಗ ಬೇಡವೆನ್ನುತ್ತಾನೆ. ಮಾವನವರು ಮಾತ್ರ ಏನನ್ನೂ ಹೇಳುತ್ತಿಲ್ಲ. "ಎಂಜಿನ್ ನಿಜವಾಗಿಯೂ ಮುಗಿದಿದೆಯೇ? ಮುಂದಿನ ಸಂತೆಯೊಳಗೆ ಗುಜರಿಯವನಿಗೆ ಉತ್ತರ ಹೇಳಬೇಕಾಗಿದೆ" ಎಂಬುದು ಅವರ ಪ್ರಶ್ನೆ.

ಪತ್ರದಲ್ಲಿರುವ ಒಂದು ವಾಕ್ಯವು ನಮ್ಮ ಗಮನವನ್ನು ಸೆಳೆಯಿತು. "ಗೇರ್ ಬಾಕ್ಸಿಗೆ ಎಷ್ಟು ಎಣ್ಣೆ ಹಾಕಿದರೂ ತಿಂಗಳೊಳಗೆ ಕಡಿಮೆಯಾಗುತ್ತದೆ, ನೆಲದ ಮೇಲೆ ಮಾತ್ರ ಒಂದು ತೊಟ್ಟೂ ಕಾಣುವುದಿಲ್ಲ" ಎಂದು ಅವರು ಬರೆದಿದ್ದಾರೆ. ನೆಲಕ್ಕೆ ಬೀಳದ ಎಣ್ಣೆಯು ಎಲ್ಲಿಗೆ ಹೋಯಿತು? ಅದು ಹೊಗೆಯಾಗಿ ಹೋಯಿತು. ಬೋರು ಸವೆದ ಎಂಜಿನ್ನು ಗೇರ್ ಬಾಕ್ಸಿನ ಎಣ್ಣೆಯನ್ನು ಕುಡಿಯಲಾರದು. ಅದಕ್ಕೆ ಅಲ್ಲಿಗೆ ದಾರಿಯೇ ಇಲ್ಲ. ದಾರಿಯನ್ನು ಬಿಟ್ಟುಕೊಟ್ಟಿರುವುದು ಬೇರೊಂದು ವಸ್ತು. ಅದು ಕ್ರ್ಯಾಂಕ್ ಶಾಫ್ಟಿನ ಸುತ್ತ ಕುಳಿತಿರುವ, ಅಂಗೈಯೊಳಗೆ ಹಿಡಿಯುವಷ್ಟು ಚಿಕ್ಕದಾದ ರಬ್ಬರಿನ ಬಳೆ. ಅದನ್ನು ಆಯಿಲ್ ಸೀಲ್ ಎನ್ನುವರು. ಅದರ ಬೆಲೆಯು ಹೋಟೆಲಿನ ಒಂದು ಹೊತ್ತಿನ ಊಟಕ್ಕಿಂತ ಹೆಚ್ಚಾಗುವುದು ಅಪರೂಪ. ಆದುದರಿಂದ ಸೋದರಿಯವರಿಗೆ ನಮ್ಮ ಮೊದಲ ಮಾತು ಇದು: ಗುಜರಿಯವನಿಗೆ ಇನ್ನೊಂದು ಸಂತೆಯವರೆಗೆ ಕಾಯಲು ಹೇಳಿರಿ.

ಈ ಗಾಡಿಯ ಕುಲವನ್ನು ಎರಡು ಮಾತಿನಲ್ಲಿ ಹೇಳುವುದು ಅಪ್ರಸ್ತುತವಾಗಲಾರದು. 1929ರಲ್ಲಿ ಪ್ರಾಗ್ ನಗರದಲ್ಲಿ ಯಾನೆಚೆಕ್ ಎಂಬವರು ಜರ್ಮನಿಯ ವಾಂಡರರ್ ಸಂಸ್ಥೆಯ ಮೋಟಾರ್ ಸೈಕಲ್ಲಿನ ಹಕ್ಕನ್ನು ಕೊಂಡು, ಎರಡು ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ 'ಜಾವಾ' ಎಂದು ಹೆಸರಿಟ್ಟರು. ಇರಾನೀ ಮನೆತನದವರ ಐಡಿಯಲ್ ಜಾವಾ ಸಂಸ್ಥೆಯು ಅದನ್ನು 1961ರಿಂದ ಮೈಸೂರಿನ ಯಾದವಗಿರಿಯಲ್ಲಿ ತಯಾರಿಸತೊಡಗಿತು. 1970ರ ದಶಕದ ಮೊದಲಲ್ಲಿ ಹೆಸರು 'ಯೆಜ್ಡಿ' ಎಂದಾಯಿತು. ಇರಾನಿನ ಯಜ್ದ್ ಪಟ್ಟಣದ ನೆನಪು ಅದರಲ್ಲಿದೆ. 1978ರಲ್ಲಿ ಬಂದ ರೋಡ್‌ಕಿಂಗ್ ಮಾದರಿಯು ಝೆಕ್ ದೇಶದ ಮೋಟೋಕ್ರಾಸ್ ಗಾಡಿಗಳ, ಎಂದರೆ ಮಣ್ಣು ದಿಬ್ಬಗಳ ಮೇಲೆ ಪಂದ್ಯವಾಡುವ ಗಾಡಿಗಳ ವಂಶದ್ದು. ಜಾವಾದ ಸೋದರ ಸಂಸ್ಥೆಯಾದ ಚೆಜ಼ೆಟ್‌ನ 250 ಸಿ.ಸಿ. ಗಾಡಿಯ ಮೇಲೆ ಬೆಲ್ಜಿಯಂ ದೇಶದ ಜೋಯೆಲ್ ರಾಬರ್ಟ್ 1964ರಲ್ಲಿ ವಿಶ್ವವಿಜೇತನಾದನು. ಮೈಸೂರಿನ ಕಾರ್ಖಾನೆಯು 1996ರಲ್ಲಿ ಮುಚ್ಚಿತು. 2022ರಲ್ಲಿ ಬೇರೆ ಸಂಸ್ಥೆಯೊಂದು ಅದೇ ಹೆಸರಿನಲ್ಲಿ ಹೊಸ ಗಾಡಿಗಳನ್ನು ಹೊರತಂದಿದೆಯಾದರೂ ಅವು ಫೋರ್ ಸ್ಟ್ರೋಕ್ ಎಂಜಿನ್ನಿನವು. ಅವುಗಳ ಬಿಡಿಭಾಗವು ಇದಕ್ಕೆ ಹೊಂದದು.

ಈಗ ಬಳೆಯ ವಿಚಾರ. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಸೀಲ್ ಹೋದರೆ ಎಣ್ಣೆ ಸೋರುವುದು, ನೆಲ ಕೊಳೆಯಾಗುವುದು, ಅಷ್ಟೆ. ಟೂ ಸ್ಟ್ರೋಕಿನಲ್ಲಿ ಹಾಗಲ್ಲ. ಇದರಲ್ಲಿ ಪಿಸ್ಟನ್ನಿನ ಕೆಳಗಿರುವ ಕ್ರ್ಯಾಂಕ್ ಕೇಸೇ ಒಂದು ಪಂಪು. ಪಿಸ್ಟನ್ ಮೇಲೇರುವಾಗ ಅದು ಕಾರ್ಬ್ಯುರೇಟರಿನಿಂದ ಗಾಳಿ, ಪೆಟ್ರೋಲು, ಎಣ್ಣೆಗಳ ಮಿಶ್ರಣವನ್ನು ಕೆಳಗೆ ಎಳೆದುಕೊಳ್ಳುತ್ತದೆ. ಕೆಳಗಿಳಿಯುವಾಗ ಅದನ್ನು ಒತ್ತಿ, ಪಕ್ಕದ ಓಣಿಗಳ ಮೂಲಕ ಪಿಸ್ಟನ್ನಿನ ಮೇಲಕ್ಕೆ ದಾಟಿಸುತ್ತದೆ. ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 50 ಬಾರಿ ಈ ಎಳೆತ, 50 ಬಾರಿ ಈ ಒತ್ತಡ. ಕ್ರ್ಯಾಂಕ್ ಶಾಫ್ಟಿನ ಎರಡು ತುದಿಗಳು ಈ ಕೋಣೆಯ ಗೋಡೆಯನ್ನು ತೂರಿ ಹೊರಬರುವ ಎರಡು ಸ್ಥಳಗಳಲ್ಲಿಯೂ, ಶಾಫ್ಟು ತಿರುಗಬೇಕು, ಗಾಳಿ ಮಾತ್ರ ನುಸುಳಬಾರದು. ಬಾಗಿಲು ತೆರೆದೇ ಇರಬೇಕು, ಬೆಕ್ಕು ಒಳಗೆ ಬರಬಾರದು ಎಂಬಂತಹ ಕೆಲಸವಿದು. ಇದನ್ನು ಮಾಡುವುದು ಸೀಲಿನ ತೆಳುವಾದ ತುಟಿ. ಹೊರಗೆ ತಗಡಿನ ಕವಚ, ಒಳಗೆ ರಬ್ಬರಿನ ತುಟಿ, ತುಟಿಯ ಬೆನ್ನಿಗೆ ಕೂದಲಿನಂತೆ ಸಣ್ಣದಾದ ಸುರುಳಿ ಸ್ಪ್ರಿಂಗು. ಈ ಸ್ಪ್ರಿಂಗು ತುಟಿಯನ್ನು ಶಾಫ್ಟಿನ ಮೇಲೆ ಮೆಲ್ಲನೆ ಅದುಮಿ ಹಿಡಿದಿರುತ್ತದೆ.

ಯೆಜ್ಡಿಯಲ್ಲಿ ಎಡಗಡೆಯ ಸೀಲಿನ ಆಚೆಗೆ ಪ್ರೈಮರಿ ಚೈನು, ಕ್ಲಚ್ಚು, ಗೇರ್ ಎಣ್ಣೆ; ಬಲಗಡೆಯ ಸೀಲಿನ ಆಚೆಗೆ ವಿದ್ಯುತ್ತನ್ನು ಹುಟ್ಟಿಸುವ ಸಾಧನವಿರುವ ಒಣ ಕೋಣೆ. ಆದುದರಿಂದ ಎರಡರ ಕಾಯಿಲೆಗಳ ಲಕ್ಷಣಗಳೂ ಬೇರೆ ಬೇರೆ. ಎಡಗಡೆಯದು ಸೋತರೆ ಎಂಜಿನ್ನು ಎಳೆತದ ಹೊತ್ತಿನಲ್ಲಿ ಗೇರ್ ಎಣ್ಣೆಯನ್ನು ಕುಡಿಯುತ್ತದೆ: ದಟ್ಟ ಹೊಗೆ, ಎಣ್ಣೆಯಲ್ಲಿ ನೆನೆದ ಕರಿಯ ಪ್ಲಗ್ಗು, ಸುಟ್ಟ ಗೇರ್ ಎಣ್ಣೆಯ ಒರಟು ವಾಸನೆ. ಒತ್ತಡದ ಹೊತ್ತಿನಲ್ಲಿ ಪೆಟ್ರೋಲೂ ಆಚೆಗೆ ದಾಟುವುದುಂಟು. ಗೇರ್ ಎಣ್ಣೆಯನ್ನು ಬೆರಳಿಗೆ ಹಚ್ಚಿ ಮೂಸಿದರೆ ಪೆಟ್ರೋಲಿನ ವಾಸನೆ ಬಂದು, ಎಣ್ಣೆ ನೀರಾಗಿದ್ದರೆ ಅನುಮಾನವೇ ಉಳಿಯದು. ಬಲಗಡೆಯದು ಸೋತರೆ ಹೊಗೆಯೇ ಇರದು. ಇದೇ ಹೆಚ್ಚು ಅಪಾಯಕಾರಿ. ಹೊರಗಿನ ಬರಿಯ ಗಾಳಿಯು ಒಳಸೇರಿ ಮಿಶ್ರಣವು ಬಡವಾಗುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ನಿನ ಓಟ ಇಳಿಯದು. ಕಾದ ಮೇಲಂತೂ ತಾನಾಗಿಯೇ ಏರುತ್ತದೆ. ಪ್ಲಗ್ಗಿನ ತುದಿಯು ಸುಣ್ಣದಂತೆ ಬೆಳ್ಳಗಾಗುತ್ತದೆ. ಇಂತಹ ಗಾಡಿಯನ್ನು ಹೊತ್ತುಹೊರೆಯೊಡನೆ ದಿಂಬಂ ಘಾಟಿಯ 27 ತಿರುವುಗಳನ್ನು ಏರಿಸಹೊರಟರೆ ಪಿಸ್ಟನ್ನು ನಡುದಾರಿಯಲ್ಲಿ ಹಿಡಿದುಕೊಳ್ಳುವ ಸಂಭವವೇ ಹೆಚ್ಚು. ಆಗ ಬೋರಿನ ಖರ್ಚು ನಿಜವಾಗಿಯೂ ಬರುವುದು.

ಬಿಚ್ಚುವ ಮುನ್ನ ಪರೀಕ್ಷೆ ಮಾಡಬೇಕೆಂಬುದು ನಮ್ಮ ಹಟ. ಕಾಯಿಲೆ ತಿಳಿಯುವ ಮೊದಲೇ ಹೊಟ್ಟೆ ಕೊಯ್ಯುವ ವೈದ್ಯರನ್ನು ಯಾರೂ ಮೆಚ್ಚರು, ಎಂಜಿನ್ನಿನ ವಿಷಯದಲ್ಲಿ ಮಾತ್ರ ಅದನ್ನೇ ಚುರುಕುತನವೆನ್ನುತ್ತೇವೆ! ಮೊದಲು ಮಾವನವರನ್ನು ಕೇಳಬೇಕಾದ ಪ್ರಶ್ನೆಯೊಂದಿದೆ: ಪೆಟ್ರೋಲಿಗೆ ಎಷ್ಟು ಎಣ್ಣೆ ಬೆರೆಸುತ್ತಿದ್ದರು, ಈಗ ಬೆರೆಸುವವರು ಯಾರು, ಯಾವ ಅಳತೆಯಲ್ಲಿ? ಲೀಟರಿಗೆ 40 ಮಿಲಿಲೀಟರು ಹಾಕಿದರೆ ಅದು 25ಕ್ಕೆ 1ರ ಪ್ರಮಾಣ. ಕೈಯಂದಾಜಿನಲ್ಲಿ ಅದು ಇಮ್ಮಡಿಯಾಗಿದ್ದರೆ ಹೊಗೆಗೆ ಅದೂ ಕಾರಣವಾದೀತು. ನಲವತ್ತು ವರ್ಷ ಗಾಡಿಯೊಡನೆ ಬಾಳಿದವರ ಬಾಯಿಂದ ಬರುವ ಉತ್ತರವು ಯಾವ ಪುಸ್ತಕದಲ್ಲಿಯೂ ಸಿಗದು. ಅವರು ಮೌನವಾಗಿರುವುದು ಯಾರೂ ಕೇಳದಿರುವುದರಿಂದಲೂ ಇರಬಹುದು.

ಎರಡನೆಯದು ಒತ್ತಡದ ಪರೀಕ್ಷೆ. ಕಾರ್ಬ್ಯುರೇಟರ್ ಕೂರುವ ಬಾಯಿಗೂ ಸೈಲೆನ್ಸರುಗಳು ಕೂಡುವ ಬಾಯಿಗಳಿಗೂ ಹಳೆಯ ಟ್ಯೂಬಿನ ರಬ್ಬರನ್ನು ಕೊಟ್ಟು ಬಿಗಿಯಾಗಿ ಮುಚ್ಚಬೇಕು. ಹಾಳಾದ ಸ್ಪಾರ್ಕ್ ಪ್ಲಗ್ಗೊಂದರ ಪಿಂಗಾಣಿಯನ್ನು ತೆಗೆದು ಅದರ ಲೋಹದ ಕವಚಕ್ಕೆ ಸೈಕಲ್ ಟ್ಯೂಬಿನ ವಾಲ್ವನ್ನು ಕೂರಿಸಿದರೆ ಗಾಳಿ ಹೋಗಲು ದಾರಿಯಾಯಿತು. ಪಿಸ್ಟನ್ನನ್ನು ತೀರ ಕೆಳಕ್ಕೆ ಇಳಿಸಿಡಬೇಕು; ಆಗ ಓಣಿಗಳು ತೆರೆದು ಮೇಲಿನ ಕೋಣೆಯೂ ಕೆಳಗಿನ ಕೋಣೆಯೂ ಒಂದಾಗುತ್ತವೆ. ಒಳಗೆ ಚದರ ಅಂಗುಲಕ್ಕೆ 5 ಪೌಂಡಿನಷ್ಟು ಒತ್ತಡ ಸಾಕು. ಇದಕ್ಕೆ ಅಳತೆಯ ಸಾಧನ ಎಲ್ಲಿಂದ ತರುವುದೆಂದು ಚಿಂತಿಸಬೇಕಾಗಿಲ್ಲ. ರಕ್ತದೊತ್ತಡ ನೋಡುವ ಹಳೆಯ ಉಪಕರಣದ ಗಡಿಯಾರದಂತಹ ಮುಖವೂ ರಬ್ಬರ್ ಗುಂಡೂ ಇದಕ್ಕೆ ಹೇಳಿಮಾಡಿಸಿದಂತಿವೆ. ಅದರಲ್ಲಿ 250 ಮಿಲಿಮೀಟರ್ ಎಂದರೆ ಸುಮಾರು 5 ಪೌಂಡು. ಟೈರಿಗೆ ತುಂಬುವ ಹುರುಪಿನಲ್ಲಿ ಇಲ್ಲಿ ತುಂಬಬಾರದು, ಒಳ್ಳೆಯ ಸೀಲಿನ ತುಟಿಯೂ ಮಗುಚಿಕೊಂಡೀತು. ಮುಳ್ಳು ಐದಾರು ನಿಮಿಷ ಅಲುಗದೆ ನಿಂತರೆ ಸೀಲುಗಳು ಆರೋಗ್ಯವಾಗಿವೆ. ಇಳಿಯುತ್ತಾ ಬಂದರೆ ಸಾಬೂನಿನ ನೊರೆಯನ್ನು ಹಿಡಿದು ಹುಡುಕಬೇಕು. ಗೇರ್ ಎಣ್ಣೆ ಹಾಕುವ ತೂತಿನ ಬಾಯಿಗೆ ನೊರೆಯ ಪೊರೆಯನ್ನು ಹಚ್ಚಿ. ಅದು ಗುಳ್ಳೆಯಾಗಿ ಉಬ್ಬಿದರೆ ಎಡಗಡೆಯ ಸೀಲು ಸೋತಿದೆ. ಬಲಗಡೆಯದನ್ನು ನೋಡಲು ಆ ಕಡೆಯ ಮುಚ್ಚಳವನ್ನೂ ಅದರ ಹಿಂದಿನ ಸಾಧನವನ್ನೂ ತೆಗೆದು ನೊರೆಯನ್ನು ಸೀಲಿಗೇ ಬಳಿಯಬೇಕು. ಸಿಲಿಂಡರಿನ ಬುಡದ ಕೂಡುಗೆಗೂ ಒಮ್ಮೆ ಬಳಿದು ನೋಡಿರಿ. ಕಳ್ಳನು ಅಲ್ಲಿಯೂ ಇರಬಹುದು.

ಪರೀಕ್ಷೆಯಲ್ಲಿ ಸೀಲೇ ತಪ್ಪಿತಸ್ಥನೆಂದು ತಿಳಿದ ಮೇಲೆ ಕೆಲಸಕ್ಕೆ ಕೈಯಿಡಬಹುದು. ಎಂಜಿನ್ನಿನ ಹೊರಮೈಯನ್ನು ಸೀಮೆಎಣ್ಣೆಯಿಂದ ತೊಳೆಯುವುದನ್ನು ಯಾರೂ ಬಿಡಬಾರದು. ಮಣ್ಣಿನಲ್ಲಿ ಓಡಿದ ಗಾಡಿಯಲ್ಲಿ ಒಂದು ಚಿಟಿಕೆ ಮರಳು ಬೇರಿಂಗಿನೊಳಗೆ ಬಿದ್ದರೆ ಹೊಸ ಸೀಲಿನಿಂದ ಆದ ಲಾಭವೆಲ್ಲ ಅಲ್ಲಿಗೆ ತೀರಿತು. ಗೇರ್ ಎಣ್ಣೆಯನ್ನು ಬಸಿದು, ಬ್ಯಾಟರಿಯ ಸಂಪರ್ಕವನ್ನು ತಪ್ಪಿಸಿ, ಎಡಗಡೆಯ ಮುಚ್ಚಳವನ್ನು ತೆಗೆಯಬೇಕು. ಯೆಜ್ಡಿಯ ವೈಚಿತ್ರ್ಯವೆಂದರೆ ಕಿಕ್ಕರೂ ಗೇರಿನ ಸನ್ನೆಯೂ ಒಂದೇ. ಅದೇ ಸನ್ನೆಯು ಗೇರು ಬದಲಿಸುವಾಗ ಕ್ಲಚ್ಚನ್ನೂ ತುಸು ಬಿಡಿಸುತ್ತದೆ. ಆದುದರಿಂದ ಮುಚ್ಚಳವನ್ನು ಮರಳಿ ಹಾಕಿದ ಮೇಲೆ ಕ್ಲಚ್ಚಿನ ಹೊಂದಿಕೆಯನ್ನು ಹೊಸದಾಗಿ ಮಾಡಲೇಬೇಕು. ಒಳಗಿನ ಪ್ರೈಮರಿ ಚೈನಿಗೆ ಕೊಂಡಿಯಿಲ್ಲ. ಕ್ರ್ಯಾಂಕಿನ ಚಿಕ್ಕ ಚಕ್ರವೂ ಕ್ಲಚ್ಚಿನ ಡ್ರಮ್ಮೂ ಚೈನಿನೊಡನೆ ಒಟ್ಟಿಗೇ ಹೊರಬರಬೇಕು.

ಇಲ್ಲಿ ಎರಡು ಎಚ್ಚರಿಕೆಗಳು. ನಟ್ಟು ಸಡಿಲಿಸುವ ಮುನ್ನ ಅದರ ಥ್ರೆಡ್ಡು, ತಮಿಳಿನ ಕಾರ್ಖಾನೆಗಳಲ್ಲಿ 'ಮರೈ' ಎನ್ನುವುದು, ಯಾವ ದಿಕ್ಕಿನದೆಂದು ನೋಡಿಕೊಳ್ಳಬೇಕು. ಎಂಜಿನ್ನುಗಳಲ್ಲಿ ಉಲ್ಟಾ ಥ್ರೆಡ್ಡಿನ ನಟ್ಟುಗಳೂ ಇರುತ್ತವೆ. ಅಂತಹವಕ್ಕೆ ಬಲ ಹೆಚ್ಚಿಸಿದಷ್ಟೂ ಅವು ಬಿಗಿಯುತ್ತವೆ, ಕೊನೆಗೆ ಮುರಿಯುವುದು ಶಾಫ್ಟು. ಇನ್ನೊಂದು, ಚಕ್ರವು ಶಾಫ್ಟಿನ ಓರೆಯಾದ ತುದಿಯ ಮೇಲೆ ಕಚ್ಚಿ ಕುಳಿತಿರುತ್ತದೆ. ಅದನ್ನು ಪುಲ್ಲರಿನಿಂದಲೇ ಎಳೆಯಬೇಕು. ಸುತ್ತಿಗೆಯಿಂದ ಕ್ರ್ಯಾಂಕಿನ ತುದಿಗೆ ಹೊಡೆದರೆ, ಎರಡು ತಟ್ಟೆಗಳನ್ನು ಒತ್ತಿ ಕೂಡಿಸಿದ ಆ ಕ್ರ್ಯಾಂಕು ತನ್ನ ನೇರವನ್ನು ಕಳೆದುಕೊಳ್ಳುತ್ತದೆ. ಆಮೇಲೆ ಎಷ್ಟು ಸೀಲು ಹಾಕಿದರೂ ತಡೆಯದು. ಎಂಜಿನ್ ತಿರುಗದಂತೆ ಪ್ಲಗ್ಗಿನ ತೂತಿನಲ್ಲಿ ಹಗ್ಗ ತುರುಕುವ ಪದ್ಧತಿಯನ್ನೂ ಕೆಲವರು ಅನುಸರಿಸುವರು. ಟೂ ಸ್ಟ್ರೋಕಿನಲ್ಲಿ ಹಗ್ಗವು ಸಿಲಿಂಡರಿನ ಕಿಂಡಿಯಲ್ಲಿ ಸಿಕ್ಕಿ ಕತ್ತರಿಸುವುದರಿಂದ ನಾವು ಅದನ್ನು ಒಪ್ಪುವುದಿಲ್ಲ. ಬಲಗಡೆ ಬಿಚ್ಚುವಾಗ, ಕಿಡಿಯ ಕಾಲವನ್ನು ನಿಶ್ಚಯಿಸುವ ತಟ್ಟೆಗೂ ಅದರ ಪಕ್ಕದ ಗೋಡೆಗೂ ಸೇರುವಂತೆ ಮೊಳೆಯಿಂದ ಒಂದು ಗೆರೆಯನ್ನು ಎಳೆದುಕೊಂಡರೆ, ಮರಳಿ ಕೂರಿಸುವಾಗ ಅದೇ ಸ್ಥಾನ ಸಿಗುವುದು.

ಹಳೆಯ ಸೀಲನ್ನು ಕೀಳುವ ಮುನ್ನ ನೋಡಿ ಬರೆದಿಟ್ಟುಕೊಳ್ಳಬೇಕಾದುವು ಮೂರು: ಅದು ಎಷ್ಟು ಆಳದಲ್ಲಿದೆ, ಸ್ಪ್ರಿಂಗಿನ ಮುಖ ಯಾವ ಕಡೆಗಿದೆ, ಮುಂದೆ ತಡೆಯುಂಗುರವಿದೆಯೇ ಇಲ್ಲವೇ. ಕೆಲವು ಎಂಜಿನ್ನುಗಳಲ್ಲಿ ಸೀಲು ಹೊರಗಿನಿಂದಲೇ ಬರುತ್ತದೆ. ಕೆಲವದರಲ್ಲಿ ಅದು ಬೇರಿಂಗಿನ ಒಳಗಡೆಗೆ ಕುಳಿತಿದ್ದು ಕ್ರ್ಯಾಂಕ್ ಕೇಸನ್ನೇ ಸೀಳಬೇಕಾಗುತ್ತದೆ. ಎರಡನೆಯದಾದರೆ ಮನೆಯಂಗಳದ ಕೆಲಸವಲ್ಲ, ಅನುಭವಿಯ ಕೈಗೆ ಒಪ್ಪಿಸುವುದೇ ಸರಿ. ಹೊರಗಿನಿಂದ ಬರುವುದಾದರೆ ಸೀಲಿನ ತಗಡಿನ ಮುಖಕ್ಕೆ ಸಣ್ಣ ತಿರುಪುಮೊಳೆಯನ್ನು ತಿರುಗಿಸಿ, ಇಕ್ಕಳದಿಂದ ಹಿಡಿದು ಎಳೆದರೆ ಬರುತ್ತದೆ. ಸ್ಕ್ರೂ ಡ್ರೈವರನ್ನು ಶಾಫ್ಟಿಗೆ ಆನಿಸಿ ಮೀಟಿದರೆ ಗೀರು ಬೀಳುವುದು. ಎಣ್ಣೆಗೆ ಆ ಗೀರೇ ಕಾಲುವೆ.

ಹಳೆಯದು ಹೊರಬಂದಾಗ ಅದರ ತುಟಿಯನ್ನು ಉಗುರಿನಿಂದ ಮುಟ್ಟಿ ನೋಡಿರಿ. ಮೃದುವಾಗಿರಬೇಕಾದ್ದು ಒಣಗಿದ ಹುಣಿಸೆಯ ಸಿಪ್ಪೆಯಂತೆ ಚಟ್ಟನೆ ಮುರಿಯುತ್ತದೆ. ವಯಸ್ಸು, ಬಿಸಿ, ಧೂಳು ಇವು ಕಾರಣಗಳು. ವರ್ಷಗಟ್ಟಲೆ ನಿಲ್ಲಿಸಿದ ಗಾಡಿಯಲ್ಲಿ ತುಟಿಗೆ ಎಣ್ಣೆಯ ಪಸೆಯೂ ಇಲ್ಲದೆ ಇನ್ನೂ ಬೇಗ. ಇವಕ್ಕೆ ಈಚೆಗೆ ಇನ್ನೊಂದು ಸೇರಿದೆ. ಪೆಟ್ರೋಲಿಗೆ ನೂರಕ್ಕೆ 20ರಷ್ಟು ಎಥನಾಲನ್ನು ಬೆರೆಸುವ ಯೋಜನೆಯು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಉದ್ಘಾಟನೆಗೊಂಡು, 2025ರ ಹೊತ್ತಿಗೆ ದೇಶದಾದ್ಯಂತ ಹಬ್ಬಿತು. 1984ರ ರಬ್ಬರು ಇಂತಹ ಇಂಧನವನ್ನು ಎಣಿಸಿ ತಯಾರಾದುದಲ್ಲ. ಸಾರಾಯದ ಸಹವಾಸದಿಂದ ಅದು ಉಬ್ಬಿ, ಒಣಗಿ, ಬಿರಿಯುತ್ತದೆ. ರೈತರ ಕಬ್ಬಿಗೆ ಬೆಲೆ ಬರುವುದಾದರೆ ಸಂತೋಷವೇ. ಹಳೆಯ ಗಾಡಿಯವರಿಗೆ ಮಾತ್ರ ಒಂದು ಎಚ್ಚರಿಕೆಯ ಮಾತನ್ನು ಪೆಟ್ರೋಲ್ ಬಂಕಿನ ಗೋಡೆಯ ಮೇಲಾದರೂ ಬರೆದಿರಬಹುದಾಗಿತ್ತು. ಹೊಸ ಸೀಲನ್ನು ಕೊಳ್ಳುವಾಗ ಸಾಧಾರಣ ನೈಟ್ರೈಲ್ ರಬ್ಬರಿಗಿಂತ ಫ್ಲೋರೋ ರಬ್ಬರಿನದು, ಅಂಗಡಿಯಲ್ಲಿ 'ವಿಟಾನ್' ಎನ್ನುವುದು, ಸಿಕ್ಕಿದರೆ ತುಸು ಹೆಚ್ಚು ಬೆಲೆಯಾದರೂ ಅದನ್ನೇ ಆರಿಸಿರಿ. ನೈಟ್ರೈಲ್ ಸುಮಾರು 100 ಡಿಗ್ರಿ ಸೆಲ್ಸಿಯಸ್ ಬಿಸಿಯನ್ನು ತಾಳಿದರೆ ಇದು ಸುಮಾರು 200 ಡಿಗ್ರಿಯನ್ನು ತಾಳುತ್ತದೆ, ಎಥನಾಲನ್ನೂ ಹೆಚ್ಚು ಸಹಿಸುತ್ತದೆ.

ಅಳತೆಯ ವಿಷಯ. ಸೀಲಿನ ಮುಖದ ಮೇಲೆ ಮೂರು ಸಂಖ್ಯೆಗಳು ಅಚ್ಚಾಗಿರುತ್ತವೆ. ಉದಾಹರಣೆಗೆ 25×52×7 ಎಂದಿದ್ದರೆ ಒಳವ್ಯಾಸ 25, ಹೊರವ್ಯಾಸ 52, ದಪ್ಪ 7 ಮಿಲಿಮೀಟರು. ಗಾಡಿಯ ಹೆಸರನ್ನು ಮಾತ್ರ ಹೇಳಿ ಕೊಂಡರೆ, ಮಾದರಿಯಿಂದ ಮಾದರಿಗೆ ಅಳತೆ ಬದಲಾಗುವುದರಿಂದ ಮೈಸೂರಿಗೋ ಬೆಂಗಳೂರಿಗೋ ಎರಡು ಸಲ ಬಸ್ ಚಾರ್ಜು ತೆರಬೇಕಾದೀತು. ಸಂಖ್ಯೆ ಅಳಿಸಿದ್ದರೆ ವರ್ನಿಯರ್ ಕ್ಯಾಲಿಪರಿನಿಂದ ಅಳೆಯಬೇಕು. ಪ್ರೌಢಶಾಲೆಗಳ ವಿಜ್ಞಾನದ ಕಪಾಟುಗಳಲ್ಲಿ ಈ ಉಪಕರಣವು ವರ್ಷವೆಲ್ಲ ನಿದ್ರಿಸುತ್ತಿರುತ್ತದೆ. ಸೋದರಿಯವರ ಮಗ ಹೋಗಿ ಕೇಳಿದರೆ ಯಾವ ಮೇಷ್ಟರೂ ಇಲ್ಲವೆನ್ನರು. ನಮ್ಮನ್ನು ಕೇಳಿದರಂತೂ ಅಳೆಯುವ ಹೊತ್ತಿಗೆ ಹತ್ತು ಮಕ್ಕಳನ್ನು ಸುತ್ತ ನಿಲ್ಲಿಸುತ್ತಿದ್ದೆವು.

ಹೊಸದನ್ನು ಕೂರಿಸುವ ಮೊದಲು ಬೇರಿಂಗನ್ನೊಮ್ಮೆ ನೋಡಬೇಕು. ಶಾಫ್ಟಿನ ತುದಿಯನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿದಾಗ ಆಟ ಕಂಡುಬಂದರೆ ಬೇರಿಂಗೂ ಹೋಗಿದೆ. ಕುಣಿಯುವ ಶಾಫ್ಟಿಗೆ ಎಂತಹ ತುಟಿಯೂ ಅಂಟಿ ನಿಲ್ಲದು. ತುಟಿ ಉಜ್ಜಿದ ಜಾಗದಲ್ಲಿ ಶಾಫ್ಟಿನ ಮೇಲೆ ಉಗುರಿಗೆ ಸಿಗುವಂತಹ ಸಾಲು ಬಿದ್ದಿದ್ದರೆ ಅದನ್ನೂ ಅನುಭವಿಗೆ ತೋರಿಸಬೇಕು. ಇವೆರಡೂ ಸರಿಯಿದ್ದರೆ ಗೂಡನ್ನು ಒರೆಸಿ, ಹೊಸ ಸೀಲಿನ ತುಟಿಗೆ ಟೂ ಸ್ಟ್ರೋಕ್ ಎಣ್ಣೆಯನ್ನು ಸವರಿ, ಶಾಫ್ಟಿನ ಕೀಲಿಯ ಗಾಡಿಯು ತುಟಿಯನ್ನು ಕೊಯ್ಯದಂತೆ ಅದರ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಸುತ್ತಿ, ಸ್ಪ್ರಿಂಗಿನ ಮುಖವು ಕ್ರ್ಯಾಂಕ್ ಕೇಸಿನ ಒಳಗಡೆಗೆ ಇರುವಂತೆ ಏರಿಸಬೇಕು. ಸೀಲಿನ ಹೊರವ್ಯಾಸಕ್ಕಿಂತ ಕೂದಲೆಳೆಯಷ್ಟು ಕಿರಿದಾದ ಕೊಳವೆಯ ತುಂಡನ್ನು ಅದರ ಮೇಲಿಟ್ಟು, ಮರದ ಸುತ್ತಿಗೆಯಿಂದ ಸುತ್ತಲೂ ಸಮನಾಗಿ ಮೆಲ್ಲನೆ ತಟ್ಟಿದರೆ ನೇರವಾಗಿ ಇಳಿಯುತ್ತದೆ. ಹಳೆಯದು ಎಷ್ಟು ಆಳದಲ್ಲಿತ್ತೋ ಅಷ್ಟೇ. ಇನ್ನಷ್ಟು ಭದ್ರವಾಗಲೆಂದು ಒಳಗೆ ತಳ್ಳಿದರೆ ಬೇರಿಂಗಿಗೆ ಎಣ್ಣೆ ಹೋಗುವ ಸಣ್ಣ ತೂತು ಮುಚ್ಚಿಹೋಗಬಹುದು. ಒಂದು ಕಡೆಯದು ಮಾತ್ರ ಸೋತಿದ್ದರೂ ಎರಡನ್ನೂ ಬದಲಾಯಿಸುವುದು ಲೇಸು. ಇಬ್ಬರಿಗೂ ವಯಸ್ಸು ಒಂದೇ. ಎಲ್ಲವನ್ನೂ ಮುಚ್ಚುವ ಮುನ್ನ ಒತ್ತಡದ ಪರೀಕ್ಷೆಯನ್ನು ಇನ್ನೊಮ್ಮೆ ಮಾಡತಕ್ಕದ್ದು.

ಮಾರಾಟದ ವಿಷಯವಾಗಿ ಒಂದು ಮಾತು. ಮಾರಲೇಬೇಕೆಂದು ಮನೆಯವರೆಲ್ಲ ನಿಶ್ಚಯಿಸಿದರೂ ಹೊಗೆಯುಗುಳುವ ಸ್ಥಿತಿಯಲ್ಲಿ ಮಾರುವುದು ನಷ್ಟ. ಕೊಳ್ಳುವವರು ಮೈಸೂರಿನವರಾದರೆ ಗಾಡಿಯು ತಮಿಳುನಾಡಿನ ನೋಂದಣಿಯದಾದುದರಿಂದ ಅಲ್ಲಿಯ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರವೂ ಬೇಕು. 15 ವರ್ಷ ಕಳೆದ ಗಾಡಿಗೆ 5 ವರ್ಷಕ್ಕೊಮ್ಮೆ ಆಗಬೇಕಾದ ನವೀಕರಣವು ಆಗಿದೆಯೇ ಎಂದು ಈಗಲೇ ಪುಸ್ತಕವನ್ನು ತೆಗೆದು ನೋಡಿರಿ. 2021ರ ನಿಯಮದಂತೆ 50 ವರ್ಷ ಮೀರಿದ ಗಾಡಿಗಳಿಗೆ 'ವಿಂಟೇಜ್' ಎಂಬ ಪ್ರತ್ಯೇಕ ನೋಂದಣಿಯುಂಟು. ಅದನ್ನು ಮಾಡಿಸಿದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲವಾದುದರಿಂದ, ಹಾಲಿನ ಕ್ಯಾನು ಹೊರುವ ಗಾಡಿಗೆ ಆ ಗೌರವವು ಸಲ್ಲದು. ಇವರ ಗಾಡಿಗೆ ಅಷ್ಟು ವಯಸ್ಸೂ ಆಗಿಲ್ಲ.

ಇನ್ನು ಗಾಡಿ ಹೊರಟ ಮೇಲೆ. ಮೊದಲ ಹತ್ತಿಪ್ಪತ್ತು ಕಿಲೋಮೀಟರು ಹೊಗೆ ಬಂದೇ ಬರುತ್ತದೆ. ಹಿಂದೆ ಕುಡಿದ ಗೇರ್ ಎಣ್ಣೆಯು ಸೈಲೆನ್ಸರುಗಳೊಳಗೆ ಅಂಟಿಕೊಂಡಿರುತ್ತದೆ, ಅದು ಸುಟ್ಟು ತೀರಬೇಕು. ಇದನ್ನು ಕಂಡು ಕೆಲಸ ಕೆಟ್ಟಿತೆಂದು ಯಾರೂ ಹೆದರಬೇಕಾಗಿಲ್ಲ. 50 ಕಿಲೋಮೀಟರು ಓಡಿದ ಮೇಲೆ ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ ಗೇರ್ ಎಣ್ಣೆಯ ಮಟ್ಟವನ್ನು ನೋಡಿರಿ. 200 ಆದ ಮೇಲೆ ಮತ್ತೊಮ್ಮೆ. ಮಟ್ಟ ಇಳಿಯದೆ, ಪ್ಲಗ್ಗಿನ ತುದಿಯು ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದರೆ ಕೆಲಸ ಸರಿಯಾಗಿದೆ. ಮಟ್ಟ ಇಳಿದೂ ಹೊಗೆ ಇಲ್ಲದಿದ್ದರೆ ಹಿಂದಿನ ಚೈನು ಹೊರಡುವ ಚಿಕ್ಕ ಚಕ್ರದ ಬೆನ್ನಿಗಿರುವ ಸೀಲನ್ನು ನೋಡಬೇಕು. ತೋಟದ ಕೆಸರೆಲ್ಲ ಚೈನಿನೊಡನೆ ಬಂದು ಮೆತ್ತಿಕೊಳ್ಳುವುದು ಅಲ್ಲಿಗೇ. ಆಗ ಮಾತ್ರ ನೆಲದ ಮೇಲೆ ತೊಟ್ಟು ಕಾಣಿಸುವುದು.